ಹತ್ತಕ್ಕೆ ಹನ್ನೊಂದು

ನಾನು ಕಾಲೇಜು ಕಲಿತವಳಲ್ಲ. ಆರನೆಯ ತರಗತಿಯ ಪುಸ್ತಕಕ್ಕೆ ರಟ್ಟು ಹಾಕಿದ್ದು ನೆನಪಿದೆ. ಅದನ್ನು ತೆರೆದು ಓದುವ ಮೊದಲೇ ಮದುವೆ ನಿಶ್ಚಯವಾಯಿತು. ಹಾಗಿದ್ದೂ ಕಾಲೇಜಿನ ಪಾಠದ ಬಗ್ಗೆ ನಾಲ್ಕು ಮಾತು ಬರೆಯುವ ಧೈರ್ಯ ಮಾಡುತ್ತಿದ್ದೇನೆ. ಅಧ್ಯಾಪಕರು ಹೇಗೆ ಪಾಠ ಮಾಡುತ್ತಾರೆಂದು ವಿದ್ಯಾರ್ಥಿಗಳನ್ನೇ ಕೇಳುವ ಪ್ರಶ್ನೆಪತ್ರಿಕೆಯೊಂದು ನಮ್ಮೂರಿನಲ್ಲಿ ತಯಾರಾಯಿತು. ತಯಾರಾದದ್ದು ನಮ್ಮ ಮನೆಯ ಜಗಲಿಯಲ್ಲಿ, ನಾನು ಮಾಡಿಕೊಟ್ಟ ಕಾಫಿಯ ಬಲದಲ್ಲಿ. ಕಾಫಿ ಬರುವವರೆಗೆ ಯಾವ ಸಮಿತಿಯೂ ಒಂದು ಸಾಲು ಮುಂದೆ ಹೋಗುವುದಿಲ್ಲ, ಬಂದ ಮೇಲೆ ಒಂದು ಸಾಲು ಹಿಂದೆ ಹೋಗುತ್ತದೆ ಎಂಬುದನ್ನು ನಾನು ಆಗ ಕಲಿತೆ. ಅಷ್ಟರ ಮಟ್ಟಿಗೆ ನನ್ನದೂ ಉನ್ನತ ಶಿಕ್ಷಣವೇ.

ನಮ್ಮ ಕಾಲೇಜು ಇರುವುದು ಬದಿಯಡ್ಕದಿಂದ ಸ್ವಲ್ಪ ಆಚೆ, ಗುಡ್ಡದ ನೆತ್ತಿಯ ಒಂದು ಬೋಳು ಪದವಿನ ಮೇಲೆ. ಊರಿನ ಹಿರಿಯರು ಸೇರಿ ಕಟ್ಟಿಸಿದ್ದು. ಗೋಡೆ ಏಳುವ ಮೊದಲೇ ಮಕ್ಕಳು ಬಂದರು. ಮಕ್ಕಳು ಬಂದ ಮೇಲೆ ಅಧ್ಯಾಪಕರನ್ನು ಹುಡುಕಿದರು. ಹಾಗೆ ಹುಡುಕಿದಾಗ ಸಿಕ್ಕಿದವರಲ್ಲಿ ನಮ್ಮವರೂ ಒಬ್ಬರು. ಗಣಿತದ ಲೆಕ್ಚರರು. ಕಾಲೇಜಿನಲ್ಲಿ ಎಲ್ಲರೂ ಕರೆಯುವುದು ಜೋಯಿಸರು ಎಂದು. ನಾನು ಏನೂ ಕರೆಯುವುದಿಲ್ಲ, "ನೋಡಿ" ಎನ್ನುತ್ತೇನೆ. ಅವರು ನೋಡುವುದಿಲ್ಲ, ಆದರೆ ಕೇಳಿಸಿಕೊಳ್ಳುತ್ತಾರೆ.

ಕೆಲಸವೇನೋ ಸಿಕ್ಕಿತ್ತು, ಖಾಯಂ ಆಗಿರಲಿಲ್ಲ. ಖಾಯಂ ಎಂಬ ಶಬ್ದವನ್ನು ನಾನು ದೇವರ ನಾಮಗಳ ನಡುವೆ ಸೇರಿಸಿ ಜಪಿಸುತ್ತಿದ್ದ ಕಾಲ ಅದು. ಆಗದಿದ್ದರೆ ಬೊಂಬಾಯಿ. ಅಲ್ಲಿರುವ ನನ್ನ ಭಾವ ಒಂದು ಹೋಟೆಲಿನ ಗಲ್ಲೆಯಲ್ಲಿ, ಹಣ ಎಣಿಸುವ ಮೇಜಿನಲ್ಲಿ, ಇವರಿಗೆ ಜಾಗ ನೋಡಿಟ್ಟಿದ್ದರು. "ಲೆಕ್ಕದ ಜನ ಅಲ್ವಾ, ಗಲ್ಲೆಗೆ ಸಮ ಆಗ್ತದೆ" ಎಂದು ಪ್ರೀತಿಯಿಂದಲೇ ಬರೆದಿದ್ದರು. ಆ ಕಾಗದ ಓದಿದ ಹೊತ್ತು ಇವರು ಊಟ ಮಾಡಲಿಲ್ಲ. ನಾನು ಮಾಡಿದೆ, ಆದರೆ ಏನು ಉಂಡೆನೆಂದು ಗೊತ್ತಾಗಲಿಲ್ಲ. ನಾನಾದರೆ ಎಲ್ಲಿಯಾದರೂ ಒಂದು ದೀಪ ಹಚ್ಚಿಟ್ಟು ಅದರ ಎದುರು ಕೂತು ಇದೇ ನನ್ನ ಮನೆ ಎಂದುಕೊಂಡೇನು. ಹಲ್ಲುಜ್ಜುವಾಗಲೂ ಯಾವುದೋ ಲೆಕ್ಕ ಬಿಡಿಸುತ್ತಿರುವ ಈ ಮನುಷ್ಯ ಇಡ್ಲಿ ಎಷ್ಟು, ವಡೆ ಎಷ್ಟು ಎಂದು ಕೂಡಿಸುತ್ತಾ ಬದುಕುವುದನ್ನು ಮಾತ್ರ ನೆನೆಯಲು ನನ್ನಿಂದ ಆಗುತ್ತಿರಲಿಲ್ಲ.

ಅಂಥ ಹೊತ್ತಿನಲ್ಲಿ ನಮ್ಮ ಪ್ರಿನ್ಸಿಪಾಲರಿಗೆ ಹೊಸ ವಿಚಾರ ಹೊಳೆಯಿತು. ಪ್ರಿನ್ಸಿಪಾಲರು ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಹೇಳಲು ಅವಕಾಶ ಸಿಗಲಿಕ್ಕಿಲ್ಲ. ಬೆಳ್ಳೂರು ಕಡೆಯ ವೈದಿಕರ ಮನೆಯವರೇ. ಆದರೆ ಮದ್ರಾಸಿನಲ್ಲಿ ಬಹಳ ವರ್ಷ ಇದ್ದು ಬಂದವರು. ಅಲ್ಲಿ ಯಾವುದೋ ಸಭೆಗೆ ಹೋಗಿ ಬಂದವರು ಹೀಗೆ ಘೋಷಿಸಿದರು: ಇನ್ನು ಮುಂದೆ ಅಧ್ಯಾಪಕರು ಮಾತ್ರ ಮಕ್ಕಳಿಗೆ ಮಾರ್ಕು ಕೊಡುವುದಲ್ಲ, ಮಕ್ಕಳೂ ಅಧ್ಯಾಪಕರಿಗೆ ಮಾರ್ಕು ಕೊಡಬೇಕು. ಖಾಯಂ ಮಾಡುವಾಗ ಆಡಳಿತ ಮಂಡಳಿ ಆ ಮಾರ್ಕನ್ನು ನೋಡಬೇಕು. ಪ್ರಪಂಚದಲ್ಲಿ ಎಲ್ಲ ಕಡೆ ಹೀಗೆಯೇ ಆಗುತ್ತಿದೆಯಂತೆ. ಪ್ರಪಂಚ ಎಂದರೆ ಎಲ್ಲಿ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ, ಎಲ್ಲರೂ ಖಾಯಂ ಆಗಬೇಕಾದವರೇ.

ಪ್ರಶ್ನೆಗಳನ್ನು ಸಿದ್ಧಮಾಡಲು ಮೂವರ ಸಮಿತಿಯಾಯಿತು. ಪ್ರಿನ್ಸಿಪಾಲರು, ಇಂಗ್ಲಿಷಿನ ಕಾಮತರು, ಮತ್ತು ಅಂಕೆಗಳ ವಿಷಯ ಬರುವುದರಿಂದ ನಮ್ಮವರು. ತಮ್ಮನ್ನು ತೂಗುವ ತಕ್ಕಡಿಯನ್ನು ತಾವೇ ಮಾಡಲು ಕುಳಿತ ಮೂವರನ್ನು ಅಡುಗೆಮನೆಯ ಕಿಟಕಿಯಿಂದ ನೋಡುವುದು ನನಗೆ ಸಿಕ್ಕಿದ ಭಾಗ್ಯ. ಅಂಥ ಸಣ್ಣ ಭಾಗ್ಯಗಳನ್ನು ನಾನು ಬಿಡುವವಳಲ್ಲ. ತೆಂಗಿನಕಾಯಿ ತುರಿಯುವ ಮಣೆಯನ್ನು ಕಿಟಕಿಯ ಹತ್ತಿರಕ್ಕೆ ಎಳೆದುಕೊಂಡೆ.

"ಮೊದಲನೆಯ ಪ್ರಶ್ನೆ, ಸಮಯಪಾಲನೆ" ಎಂದರು ಪ್ರಿನ್ಸಿಪಾಲರು. ಅವರು ಗಂಟೆ ಹೊಡೆಯುವ ಮೊದಲೇ ತರಗತಿಯಲ್ಲಿ ಇರುವವರು.

"ಅದು ಇರಲಿ ಸರ್. ಉಚ್ಚಾರಣೆ ಮುಖ್ಯ ಅಲ್ವಾ?" ಎಂದರು ಕಾಮತರು. ಅವರ ಇಂಗ್ಲಿಷು ರೇಡಿಯೋದವರ ಹಾಗೆ. "ಮತ್ತೆ ವೇಷಭೂಷಣ. ಮಕ್ಕಳು ಅಧ್ಯಾಪಕರನ್ನು ಮೊದಲು ನೋಡುವುದು, ಆಮೇಲೆ ಕೇಳುವುದು." ಅವರು ಅದೇ ತಿಂಗಳು ಮಂಗಳೂರಿನಿಂದ ಹೊಸ ಕೋಟು ಹೊಲಿಸಿ ತಂದಿದ್ದರು.

"ಜೋಯಿಸ್ರು ಎಂತ ಹೇಳ್ತೀರಿ?" ಪ್ರಿನ್ಸಿಪಾಲರು ಇವರ ಕಡೆ ತಿರುಗಿದರು.

"ಪ್ರಶ್ನೆ ಯಾವುದಾದ್ರೂ ಅಡ್ಡಿಯಿಲ್ಲ. ಉತ್ತರ ಅಂಕೆಯಲ್ಲಿ ಇರಬೇಕು" ಎಂದರು ಇವರು. "ಮಾತಾದರೆ ಒಬ್ಬೊಬ್ಬನಿಗೆ ಒಂದೊಂದು ಅರ್ಥ. ಅಂಕೆಗೆ ಒಂದೇ ಅರ್ಥ."

ನನಗೆ ಒಳಗಿನಿಂದ ನಗು ಬಂತು. ಯಾವ ಪ್ರಶ್ನೆ ಕೇಳಿದರೆ ತನಗೆ ಹೆಚ್ಚು ಮಾರ್ಕು ಸಿಗುತ್ತದೋ ಆ ಪ್ರಶ್ನೆಯೇ ಶಿಕ್ಷಣದ ಜೀವಾಳ ಎಂದು ಪ್ರತಿಯೊಬ್ಬರಿಗೂ ಪ್ರಾಮಾಣಿಕವಾಗಿ ಅನಿಸಿತ್ತು. ಅವರನ್ನು ದೂರಿ ಫಲವಿಲ್ಲ. ನನ್ನ ಅಡುಗೆಯ ಬಗ್ಗೆ ನೆಂಟರನ್ನು ಕೇಳುವ ಪ್ರಶ್ನೆಗಳನ್ನು ನಾನೇ ಬರೆಯುವುದಾದರೆ ಉಪ್ಪಿನಕಾಯಿಯ ಬಗ್ಗೆ ಐದು ಪ್ರಶ್ನೆ ಹಾಕಿಯೇನು. ಅನ್ನದ ಸುದ್ದಿಗೆ ಹೋಗಲಿಕ್ಕಿಲ್ಲ; ನನ್ನ ಅನ್ನ ಒಂದು ದಿನ ಗಂಜಿಗೆ ಹತ್ತಿರ, ಇನ್ನೊಂದು ದಿನ ಅಕ್ಕಿಗೆ ಹತ್ತಿರ.

ಆದರೆ ಗೃಹಿಣಿಯರಿಗೆ ಯಾರೂ ಪ್ರಶ್ನೆಪತ್ರಿಕೆ ಮಾಡುವುದಿಲ್ಲ. ನಮ್ಮ ಪರೀಕ್ಷೆ ದಿನಕ್ಕೆ ಮೂರು ಹೊತ್ತು, ಬಾಳೆಯೆಲೆಯ ಮೇಲೆ. ಸಾರಿಗೆ ಉಪ್ಪು ಹೆಚ್ಚಾದರೆ ಮನೆಯವರೆಲ್ಲ ಮಾತಾಡುತ್ತಾರೆ, ಸರಿಯಾಗಿದ್ದರೆ ಎಲ್ಲರೂ ಊರಿನ ಸುದ್ದಿ ಮಾತಾಡುತ್ತಾರೆ. ಸಾರಿನ ಹೆಸರೇ ಬಾರದೆ ಊಟ ಮುಗಿದರೆ ಅದು ನನ್ನ ಪ್ರಥಮ ದರ್ಜೆ. ನನ್ನ ಅತ್ತೆಯವರು ಬದುಕಿರುವಾಗ ಊಟದ ನಡುವೆ ಒಮ್ಮೆ "ಹೂಂ" ಎನ್ನುತ್ತಿದ್ದರು. ಆ ಹೂಂಕಾರ ಹೊಗಳಿಕೆಯೋ ಸುಮ್ಮನೆ ತೇಗೋ ಎಂದು ಕೊನೆಯವರೆಗೂ ನನಗೆ ತಿಳಿಯಲಿಲ್ಲ. ಹೊಗಳಿಕೆ ಎಂದೇ ಇಟ್ಟುಕೊಂಡಿದ್ದೇನೆ. ಅದರಿಂದ ಅವರಿಗೂ ನಷ್ಟವಿಲ್ಲ, ನನಗೂ ಸಮಾಧಾನ.

ತಾಳಮದ್ದಳೆಗೆ ಹೋಗಿ ನೋಡಿ. ಅರ್ಥಧಾರಿಗಳು ವಾದ ಮಾಡಿ ಮಾಡಿ ಗಂಟಲು ಒಣಗಿಸಿಕೊಂಡಿರುತ್ತಾರೆ, ಕೇಳಬೇಕಾದವರಲ್ಲಿ ಅರ್ಧ ಜನ ಕಂಬಕ್ಕೆ ಒರಗಿ ನಿದ್ದೆ. ಬೆಳಿಗ್ಗೆ "ಹೇಗಾಯ್ತು?" ಎಂದರೆ ಎಲ್ಲರಿಗಿಂತ ಮೊದಲು "ಭಾರೀ ಲಾಯ್ಕಾಯ್ತು" ಎನ್ನುವವರು ಆ ಕಂಬದವರೇ. ಎಚ್ಚರವಿದ್ದವರಿಗೆ ಅಲ್ಲಿ ಇಲ್ಲಿ ಏನಾದರೂ ಕೊರತೆ ಕಂಡಿರುತ್ತದೆ. ಇದನ್ನು ಪ್ರಿನ್ಸಿಪಾಲರಿಗೆ ಹೇಳಬೇಕೆಂದು ಬಾಯಿಯವರೆಗೆ ಬಂದಿತ್ತು. ಕಾಫಿಯ ಲೋಟ ಇಟ್ಟು ಒಳಗೆ ಬಂದೆ.

ಹೆಸರು ಬರೆಯಬೇಕೇ ಬೇಡವೇ ಎಂಬುದು ಮುಂದಿನ ಚರ್ಚೆ. ಬೇಡವೆಂದು ತೀರ್ಮಾನವಾಯಿತು, ಮಕ್ಕಳು ಹೆದರಬಾರದಲ್ಲ. ಆಗ ಕಾಮತರು, ಅಕ್ಷರ ನೋಡಿದರೆ ಯಾರದೆಂದು ಹೇಗೂ ಗೊತ್ತಾಗುತ್ತದೆ ಎಂದರು. ಹಾಗಾದರೆ ಅಕ್ಷರವೇ ಬೇಡ, ಅಂಕೆ ಮಾತ್ರ ಸಾಕು ಎಂದರು ಇವರು. ಅಂಕೆಯ ಬರವಣಿಗೆಯೂ ಗೊತ್ತಾಗುತ್ತದಲ್ಲ ಎಂದರು ಪ್ರಿನ್ಸಿಪಾಲರು. ಎಡಗೈಯಿಂದ ಬರೆಸಿದರೆ ಹೇಗೆ ಎಂಬ ಸೂಚನೆ ಯಾರದೆಂದು ನಾನು ಹೇಳುವುದಿಲ್ಲ. ಗುರುಗಳ ವಿಷಯವನ್ನು ಎಡಗೈಯಲ್ಲಿ ಬರೆಯುವುದು ಸರಿಯಲ್ಲವೆಂದು ಅದನ್ನು ಕೈಬಿಟ್ಟರು. ಕೊನೆಗೆ, ಗುರುತು ಸಿಕ್ಕಿದರೂ ಸಿಕ್ಕದವರಂತೆ ಇರತಕ್ಕದ್ದು ಎಂದು ನಿರ್ಣಯವಾಯಿತು. ಬೇಕೆಂದವರು ಅಂಕೆಯ ಕೆಳಗೆ ಒಂದು ವಾಕ್ಯ ಬರೆಯಬಹುದು ಎಂದು ಪ್ರಿನ್ಸಿಪಾಲರು ಒಂದು ಗೆರೆ ಬಿಡಿಸಿದರು. ಇವರಿಗೆ ಆ ಗೆರೆ ಇಷ್ಟವಾಗಲಿಲ್ಲ.

ಮಾರ್ಕು ಎಷ್ಟಕ್ಕೆ ಎಂಬುದನ್ನು ಇವರೇ ಹೇಳಿದರು. ಹತ್ತಕ್ಕೆ. ಎಲ್ಲ ಪ್ರಶ್ನೆಗೂ ಒಟ್ಟಿಗೆ ಒಂದೇ ಅಂಕೆ, ಕೂಡಿಸಲು ಭಾಗಿಸಲು ಸುಲಭ. "ಹತ್ತಕ್ಕಿಂತ ಮೇಲೆ ಬರೆದ ಕಾಗದ ಅಸಿಂಧು ಅಂತ ಒಂದು ನಿಯಮ ಸೇರಿಸುವ" ಎಂದೂ ಇವರೇ ಹೇಳಿದರು. ಹತ್ತಕ್ಕಿಂತ ಮೇಲೆ ಯಾರು ಬರೆಯುತ್ತಾರೆ ಎಂದು ಕಾಮತರು ನಕ್ಕರು. ನಿಯಮ ಎಂದ ಮೇಲೆ ಪೂರ್ತಿ ಇರಬೇಕು ಎಂದರು ಇವರು. ಬುದ್ಧಿವಂತರು ಹಳ್ಳ ತೋಡುವಾಗ ಅಂಚನ್ನು ಬಹಳ ಚೊಕ್ಕಟವಾಗಿ ತೋಡುತ್ತಾರೆ.

ಅವರೆಲ್ಲ ಹೋದ ಮೇಲೆ ದೇವರಿಗೆ ದೀಪ ಹಚ್ಚುವಾಗ ನನಗೊಂದು ಯೋಚನೆ ಬಂತು. ದೇವರು ಹೀಗೆ ನಮ್ಮ ಕೈಗೆ ಒಂದು ಕಾಗದ ಕೊಟ್ಟು, ನಾನು ಪ್ರಪಂಚ ನಡೆಸುವುದು ಹೇಗಿದೆ, ಹೆಸರು ಹಾಕದೆ ಬರೆಯಿರಿ ಎಂದರೆ? ನಾನಂತೂ ಪೂರ್ತಿ ಮಾರ್ಕು ಕೊಟ್ಟೇನು. ಭಕ್ತಿಯಿಂದ ಎಷ್ಟು, ಹೆದರಿಕೆಯಿಂದ ಎಷ್ಟು ಎಂದು ನನ್ನನ್ನು ಕೇಳಬಾರದು. ಅವನಿಗೆ ಅಕ್ಷರ ಗೊತ್ತಾಗದೆ ಇರುತ್ತದೆಯೇ? ಬಹುಶಃ ಅದಕ್ಕೇ ಅವನು ಕೇಳುವ ಗೋಜಿಗೇ ಹೋಗಿಲ್ಲ. ನಾವಾಗಿ ಹೇಳಿದ್ದನ್ನು ಕೇಳಿಸಿಕೊಂಡು ಸುಮ್ಮನಿರುತ್ತಾನೆ. ಪ್ರಿನ್ಸಿಪಾಲರಿಗಿಂತ ಅನುಭವ ಹೆಚ್ಚು.

ಪರೀಕ್ಷೆಗೆ ಮೊದಲು ಕಾಗದ ಹಂಚಿದರು. ಅದೇ ವಾರ ಕಾಮತರು ತರಗತಿಯ ಕಿರುಪರೀಕ್ಷೆಯ ಉತ್ತರಗಳನ್ನು ತಿದ್ದಿ ಕೊಟ್ಟರು. ಎಂದೂ ಇಲ್ಲದ ಧಾರಾಳ. ಪಾಸೇ ಆಗಬಾರದವರಿಗೂ ಒಂಬತ್ತು, ಚೆನ್ನಾಗಿ ಬರೆದವರಿಗೂ ಒಂಬತ್ತು. ಮದುವೆಯಲ್ಲಿ ಮುಯ್ಯಿ ಓದಿಸಿದವರಿಗೆ ಅವರ ಮನೆಯ ಮದುವೆಯಲ್ಲಿ ತಿರುಗಿ ಓದಿಸುವ ಕ್ರಮವುಂಟಲ್ಲ, ಹಾಗೆ ಮಕ್ಕಳೂ ಕಾಮತರಿಗೆ ಒಂಬತ್ತು ಓದಿಸಿದರು. ಒಬ್ಬರಿಗೊಬ್ಬರು ಋಣವಿಲ್ಲ. ಆ ವಾರ ಇವರು ಯಾವುದೋ ಕಷ್ಟದ ಲೆಕ್ಕ ಕೊಟ್ಟು ಇಡೀ ತರಗತಿಯನ್ನು ಫೇಲು ಮಾಡಿದ್ದರು. ನಾನು ಕೇಳಿದಾಗ, "ಲೆಕ್ಕಕ್ಕೆ ನನ್ನ ಕೆಲಸದ ವಿಷಯ ಗೊತ್ತುಂಟಾ?" ಎಂದರು.

ಒಂದು ಸಂಜೆ ಪ್ರಿನ್ಸಿಪಾಲರು ಒಬ್ಬರೇ ಬಂದರು. ಕೈಯಲ್ಲಿ ಕಾಗದದ ಕಟ್ಟು. ಕಾಫಿ ಬೇಡ ಎಂದರು. ಅವರು ಕಾಫಿ ಬೇಡ ಎಂದಾಗಲೇ ಸುದ್ದಿ ಒಳ್ಳೆಯದಲ್ಲವೆಂದು ನನಗೆ ಗೊತ್ತಾಯಿತು.

"ಜೋಯಿಸ್ರೇ, ನಿಮ್ಮ ಫಲಿತಾಂಶದಲ್ಲಿ ಒಂದು ತೊಂದರೆ ಉಂಟು."

"ಕಡಿಮೆ ಬಂತಾ ಸರ್?"

"ಕಡಿಮೆ ಅಲ್ಲ. ಹೆಚ್ಚು ಬಂದದ್ದೇ ತೊಂದರೆ."

ಪ್ರಿನ್ಸಿಪಾಲರು ಕಟ್ಟು ಬಿಚ್ಚಿದರು.

"ಹತ್ತಕ್ಕೆ ಹನ್ನೊಂದು ಕೊಟ್ಟಿದ್ದಾರೆ ಮಾರಾಯ್ರೇ. ಒಬ್ಬಿಬ್ಬರಲ್ಲ, ಅರ್ಧಕ್ಕಿಂತ ಹೆಚ್ಚು ಮಕ್ಕಳು. ಒಬ್ಬ ಹತ್ತೂಕಾಲು ಕೊಟ್ಟಿದ್ದಾನೆ. ಮತ್ತೊಂದು ಕಾಗದದಲ್ಲಿ ನೂರ ಒಂದು."

"ನೂರ ಒಂದಾ?"

"ಹತ್ತಕ್ಕೆ."

ಒಳಗೆ ನಾನು ಸೌಟನ್ನು ಕೆಳಗಿಟ್ಟೆ.

"ಹತ್ತಕ್ಕಿಂತ ಮೇಲಿನದು ಅಸಿಂಧು ಅಂತ ನಿಯಮ ಮಾಡಿದ್ದು ಯಾರು?" ಪ್ರಿನ್ಸಿಪಾಲರು ಮೆಲ್ಲಗೆ ಕೇಳಿದರು.

"ನಾನೇ ಸರ್."

"ಅವನ್ನೆಲ್ಲ ತೆಗೆದಿಟ್ಟರೆ ಉಳಿದದ್ದು ನಾಲ್ಕು, ಐದು, ಆರು ಕೊಟ್ಟವರ ಕಾಗದ. ಒಬ್ಬ ಮೂರು ಕೊಟ್ಟಿದ್ದಾನೆ. ಅದರ ಸರಾಸರಿ ಹಿಡಿದುಕೊಂಡು ನಾನು ಮಂಡಳಿಗೆ ಹೋಗಬೇಕು. ಅದೂ ಹೋಗಲಿ. ಗಣಿತ ಕಲಿಯುವ ಮಕ್ಕಳಿಗೆ ಹತ್ತರಲ್ಲಿ ಹನ್ನೊಂದು ಇರುವುದಿಲ್ಲ ಅಂತ ಗೊತ್ತಿಲ್ಲದಿದ್ದರೆ ಈ ಮೇಷ್ಟ್ರು ವರ್ಷವಿಡೀ ಕಲಿಸಿದ್ದು ಎಂತ ಅಂತ ಕೇಳ್ತಾರೆ. ನಾನು ಎಂತ ಹೇಳಲಿ, ನೀವೇ ಹೇಳಿ."

ಹೆಚ್ಚು ಮಾರ್ಕು ಬಂದು ಫೇಲಾದ ಮನುಷ್ಯನನ್ನು ನಾನು ಅದುವರೆಗೆ ನೋಡಿರಲಿಲ್ಲ.

ಮೂರು ಕೊಟ್ಟವನ ಕಾಗದವನ್ನು ಪ್ರಿನ್ಸಿಪಾಲರು ಮೇಜಿನ ಮೇಲೆ ಬಿಟ್ಟು ಹೋಗಿದ್ದರು. ಎಲ್ಲರ ಗೆರೆ ಖಾಲಿ, ಇವನೊಬ್ಬ ಅದರ ಮೇಲೆ ಒಂದು ವಾಕ್ಯ ಬರೆದಿದ್ದ. "ಸರ್ ಬೋರ್ಡಿನ ಹತ್ತಿರ ಮಾತಾಡುತ್ತಾರೆ, ನಮ್ಮ ಹತ್ತಿರ ಅಲ್ಲ." ಇವರು ಅದನ್ನು ಓದಿ ಮಡಚಿ ಕಿಸೆಗೆ ಹಾಕಿಕೊಂಡರು. "ಪೋಕರಿ" ಎಂದರು. ಬರೆದವನು ಯಾರೆಂದು ಗೊತ್ತಿಲ್ಲದಿದ್ದರೂ, ನಮ್ಮ ಮನೆಯಲ್ಲಿ ಒಂದು ವಾರ ಊಟಕ್ಕೆ ಇದ್ದು ಹೋದವನಿರಬೇಕು ಎಂದು ನನಗೆ ಅನಿಸಿದ್ದು ನಿಜ.

ಮರುದಿನ ಮಧ್ಯಾಹ್ನ ಹುಡುಗಿಯರು ಬಂದರು. ಕಾಲೇಜಿನಲ್ಲಿ ಹೆಣ್ಣುಮಕ್ಕಳು ಬೆರಳೆಣಿಕೆಯವರು. ಕೂತು ಬುತ್ತಿ ಉಣ್ಣಲು ಅವರಿಗೊಂದು ಕೋಣೆಯಿಲ್ಲ. ಹಾಗಾಗಿ ನಮ್ಮ ಹಿಂದಿನ ಜಗಲಿಗೆ ಬಂದು ಉಣ್ಣುತ್ತಾರೆ. ನನ್ನ ಮಜ್ಜಿಗೆ ನೀರು ಅವರಿಗೆ, ಅವರ ಸುದ್ದಿ ನನಗೆ. ಅವರಲ್ಲಿ ಕಮಲಾಕ್ಷಿ ಎಂಬವಳು ಸ್ವಲ್ಪ ಮಾತುಗಾತಿ. ಅವಳನ್ನೇ ಹಿಡಿದೆ.

"ನಿಮಗೆಲ್ಲ ತಲೆ ಸಮ ಉಂಟಾ? ಹತ್ತಕ್ಕೆ ಹನ್ನೊಂದು ಬರೆಯುವುದಾ?"

ಅವಳು ತುತ್ತನ್ನು ಅರ್ಧದಲ್ಲಿ ನಿಲ್ಲಿಸಿದಳು. "ಮತ್ತೆ ಹತ್ತು ಬರೆಯುವುದು ಹೇಗೆ ಅಕ್ಕ? ಸೊನ್ನೆಯಲ್ಲಿ ನಿಲ್ಲಿಸಿ ಗುರುಗಳಿಗೆ ಕೊಡುವುದುಂಟಾ?"

"ಅದು ದಕ್ಷಿಣೆಗೆ ಮಾರಾಯ್ತಿ. ಇದು ಮಾರ್ಕು."

"ದೊಡ್ಡವರಿಗೆ ಒಂದು ಸೇರಿಸದೆ ಕೊಟ್ಟು ನಮಗೆ ಅಭ್ಯಾಸ ಇಲ್ಲ ಅಕ್ಕ. ಬರೆಯಲಿಕ್ಕೆ ಹೊರಟರೆ ಕೈಯೇ ಹೋಗುವುದಿಲ್ಲ. ಹುಡುಗರೂ ಹಾಗೆಯೇ ಹೇಳಿದರು."

"ಆ ಹತ್ತೂಕಾಲು ಯಾರದ್ದು?"

ಹುಡುಗಿಯರೆಲ್ಲ ನಕ್ಕರು. "ಅವ ಪಾಪ, ಕೈ ಬಿಗಿ."

"ಮಾರ್ಕು ಕೊಡಲಿಕ್ಕೆ ಎಂತ ಖರ್ಚು?"

"ಅಭ್ಯಾಸ ಅಕ್ಕ. ನೂರ ಒಂದು ಬರೆದದ್ದು ನೆಕ್ರಾಜೆಯ ಸುಬ್ಬಣ್ಣ. ಅವರ ಮನೆಯಲ್ಲಿ ಎಲ್ಲ ದೊಡ್ಡ ಕೈ."

"ಕಾಮತರಿಗೆ ಯಾಕೆ ಹನ್ನೊಂದು ಕೊಡಲಿಲ್ಲ ಹಾಗಾದ್ರೆ?"

"ಕಾಮತ್ ಸರ್‌ಗೆ ಒಂಬತ್ತು ಸಾಕು" ಎಂದಳು ಕಮಲಾಕ್ಷಿ, ಅದರಲ್ಲಿ ವಿವರಿಸಲು ಏನೂ ಇಲ್ಲವೆಂಬಂತೆ. "ಅವರು ನಮಗೆ ಕೊಟ್ಟದ್ದೂ ಅಷ್ಟೇ ಅಲ್ವಾ."

ನಾನು ಒಳಗೆ ಬಂದು ದೇವರ ಕೋಣೆಯ ಹೊಸ್ತಿಲಲ್ಲಿ ಸ್ವಲ್ಪ ಹೊತ್ತು ಕುಳಿತೆ. ಈ ಮಕ್ಕಳು ಹುಟ್ಟಿದಂದಿನಿಂದ ನೋಡಿದ್ದು ಅದನ್ನೇ. ಪುರೋಹಿತರಿಗೆ ಕೊಡುವಾಗ, ಅಕ್ಷರಾಭ್ಯಾಸ ಮಾಡಿಸಿದ ಐಗಳಿಗೆ ಕೊಡುವಾಗ, ತಾಂಬೂಲದ ಮೇಲೆ ಮೇಲೊಂದು ನಾಣ್ಯ ಬೀಳಲೇಬೇಕು. ಸೊನ್ನೆಯಲ್ಲಿ ನಿಂತರೆ ಕೊಡುವುದು ತೆಗೆದುಕೊಳ್ಳುವುದು ಅಲ್ಲಿಗೆ ಮುಗಿಯಿತು ಎಂದು ಅರ್ಥ. ಮೇಲೊಂದು ಇಟ್ಟರೆ ಇನ್ನೂ ಉಂಟು, ಇನ್ನೊಮ್ಮೆ ಬರುತ್ತೇನೆ ಎಂದು ಹೇಳಿದ ಹಾಗೆ. ಪ್ರಿನ್ಸಿಪಾಲರು ಪ್ರಪಂಚದಲ್ಲೆಲ್ಲ ನಡೆಯುವ ಪರೀಕ್ಷೆಯೊಂದನ್ನು ತಂದು ಈ ಮಕ್ಕಳ ಮುಂದಿಟ್ಟರು. ಗುರುವನ್ನು ತೂಗಿ ನೋಡಿ ಎಂದು ಕಾಗದ ಹೇಳಿತು. ಮಕ್ಕಳು ತೂಗಲಿಲ್ಲ, ತಾಂಬೂಲ ಇಟ್ಟು ನಮಸ್ಕಾರ ಮಾಡಿಬಿಟ್ಟರು.

ಸಂಜೆ ಇವರಿಗೆ ಹೇಳಿದೆ. ಕೇಳಿ ಸ್ವಲ್ಪ ಹೊತ್ತು ಮುಖ ಆಚೆ ತಿರುಗಿಸಿಕೊಂಡರು. ಧೋತರದ ತುದಿಯಿಂದ ಕನ್ನಡಕ ಒರೆಸಿದರು, ಅದು ಮೊದಲೇ ಚೊಕ್ಕಟವಾಗಿತ್ತು.

"ನಾಳೆಯೇ ಹೋಗಿ ಪ್ರಿನ್ಸಿಪಾಲರಿಗೆ ಹೇಳಿ" ಎಂದೆ.

"ಎಂತ ಅಂತ ಹೇಳುವುದು? ಮಕ್ಕಳಿಗೆ ನಾನು ಗುರು, ಅದಕ್ಕೆ ಹನ್ನೊಂದು ಕೊಟ್ಟದ್ದು ಅಂತ ನನ್ನ ಬಾಯಿಂದಲೇ ಹೇಳುವುದಾ? ಅದು ನನ್ನಿಂದಾಗುವುದಿಲ್ಲ."

"ಹಾಗಾದ್ರೆ ನಾನು ಹೇಳ್ತೇನೆ."

"ನೀನು ಸಮಿತಿಯಲ್ಲಿ ಇಲ್ಲ."

ಹೌದು, ಇರಲಿಲ್ಲ. ಅಷ್ಟು ದಿನ ಕಾಫಿ ಕೊಟ್ಟವಳ ಹೆಸರು ಯಾವ ನಿರ್ಣಯದ ಕೆಳಗೂ ಇರುವುದಿಲ್ಲ. ಇವರು ಬೊಂಬಾಯಿಯ ಕಾಗದಕ್ಕೆ ಉತ್ತರ ಬರೆಯಲು ಪೋಸ್ಟ್ ಕಾರ್ಡು ತೆಗೆದಿಟ್ಟರು. ನಾನು ಅದನ್ನು ಕಂಡೆ, ಕಂಡವಳಂತೆ ತೋರಿಸಿಕೊಳ್ಳಲಿಲ್ಲ. ಹುಣಸೆಹಣ್ಣಿನ ಬೀಜ ತೆಗೆಯುತ್ತಾ ಕುಳಿತೆ. ದೇವರ ಹತ್ತಿರ ಇಂಥದ್ದು ಬೇಕೆಂದು ಕೇಳುವುದು ನನಗೆ ಸಂಕೋಚ. ಆದರೂ ಆ ದಿನ ಕೇಳಿದೆ: ದೊಡ್ಡದೇನೂ ಬೇಡ, ಸಣ್ಣದೊಂದು ದಾರಿ.

ದಾರಿ ಬಂದದ್ದು ಗಣಹೋಮದ ರೂಪದಲ್ಲಿ. ಕಾಲೇಜಿನ ಹೊಸ ಕೋಣೆಗಳ ಕೆಲಸ ಮುಗಿದಿತ್ತು, ಅಲ್ಲಿ ಬೆಳಿಗ್ಗೆ ಒಂದು ಹೋಮ. ಅಧ್ಯಾಪಕರ ಮನೆಯವರೆಲ್ಲ ಬರಬೇಕೆಂದಿದ್ದರು. ಹೋಮಕ್ಕೆ ಯಜಮಾನರಾಗಿ ಕೂರಬೇಕಾದವರು ಆಡಳಿತ ಮಂಡಳಿಯ ಅಧ್ಯಕ್ಷರಾದ ರೈಗಳು. ದೊಡ್ಡ ಜಮೀನಿನವರು, ದೊಡ್ಡ ಮನಸ್ಸಿನವರು. ಆದರೆ ಅವರಿಗೆ ಮಂಡಿನೋವು, ನೆಲದಲ್ಲಿ ಕೂರಲಾಗದು. ಹಾಗಾಗಿ ಪ್ರಿನ್ಸಿಪಾಲರೇ ಕೋಟು ಕಳಚಿ ಶಾಲು ಹೊದ್ದು ಮಣೆಯ ಮೇಲೆ ಕುಳಿತರು. ಕೋಟಿಲ್ಲದ ಪ್ರಿನ್ಸಿಪಾಲರನ್ನು ನೋಡಿದರೆ ಬೆಳ್ಳೂರಿನ ಯಾವುದೋ ಮನೆಯ ಹಿರಿಯ ಮಗನೇ. ಭಟ್ಟರು ಹೇಳುವ ಮೊದಲೇ ಯಾವಾಗ ಆಚಮನ, ಯಾವಾಗ ಅಕ್ಷತೆ ಎಂದು ಕೈಗೆ ತಿಳಿದಿತ್ತು.

ಪೂರ್ಣಾಹುತಿಯಾಯಿತು. ದಕ್ಷಿಣೆ ಕೊಡುವ ಹೊತ್ತು. ಪ್ರಿನ್ಸಿಪಾಲರು ತಾಂಬೂಲದ ಮೇಲೆ ಹತ್ತು ರೂಪಾಯಿಯ ನೋಟು ಇಟ್ಟರು. ಮೇಲೊಂದು ಇಡಲು ಸೊಂಟ ತಡಕಿದರು, ಇಲ್ಲ. ಕೋಟಿನ ಕಿಸೆಯಲ್ಲಿ ನೋಡಿಸಿದರು, ಅಲ್ಲಿಯೂ ಚಿಲ್ಲರೆಯಿಲ್ಲ. ತಾಂಬೂಲದ ಬಟ್ಟಲು ಹಿಡಿದುಕೊಂಡೇ ಆಚೀಚೆ ನೋಡಿದರು. ಕಣ್ಣಿಗೆ ಬಿದ್ದವರು ಇವರು.

"ಜೋಯಿಸ್ರೇ, ಒಂದು ರೂಪಾಯಿ ಉಂಟಾ?"

"ಹತ್ತು ಇಟ್ಟಿದ್ದೀರಲ್ಲ ಸರ್" ಎಂದು ಕಾಮತರು ಪಕ್ಕದಿಂದ ಹೇಳಿದರು, ಪಾಪ, ಸಹಾಯ ಮಾಡಲಿಕ್ಕೆಂದೇ.

"ಭಟ್ರಿಗೆ ಹತ್ತು ಕೊಡ್ಲಿಕ್ಕಾಗ್ತದಾ ಮಾರಾಯ್ರೇ" ಎಂದರು ಪ್ರಿನ್ಸಿಪಾಲರು, ಸ್ವಲ್ಪ ಗದರಿಯೇ.

ಇವರು ಕಿಸೆಯಿಂದ ಒಂದು ರೂಪಾಯಿ ತೆಗೆದುಕೊಟ್ಟರು. ಅದು ನೋಟಿನ ಮೇಲೆ ಬಿತ್ತು. ಭಟ್ಟರು ಕೈ ಚಾಚಿದರು. ನಾನು ಹೂವಿನ ಹರಿವಾಣ ಹಿಡಿದು ಅಲ್ಲೇ ಬಾಗಿಲ ಬಳಿ ನಿಂತವಳು. ಮಾತಾಡಬೇಕೆಂದು ಯೋಚಿಸಿರಲಿಲ್ಲ. ಯೋಚಿಸಿದ್ದರೆ ಮಾತಾಡುತ್ತಿರಲಿಲ್ಲ.

"ಸರ್, ಹತ್ತರ ಮೇಲೆ ಹೋಯ್ತಲ್ಲ. ಇನ್ನು ಭಟ್ರು ಅದನ್ನು ಅಸಿಂಧು ಅಂತ ತೆಗೆದಿಡಬೇಕಾ?"

ಭಟ್ಟರ ಕೈ ಚಾಚಿದಲ್ಲೇ ನಿಂತಿತು. ಇವರು ನನ್ನ ಕಡೆ ನೋಡಿದ ನೋಟದಲ್ಲಿ ಬೊಂಬಾಯಿಯ ರೈಲು ಕಾಣುತ್ತಿತ್ತು. ರೈಗಳು ಕುರ್ಚಿಯಿಂದ ಮುಂದಕ್ಕೆ ಬಾಗಿ, "ಎಂತ ಸಂಗತಿ?" ಎಂದರು. ಆಮೇಲೆ ಬಾಯಿ ಮುಚ್ಚಿಕೊಳ್ಳಲಾಗದೆ ನಾನು ಕಮಲಾಕ್ಷ್ಯಾದಿ ಮಕ್ಕಳ ಹನ್ನೊಂದರ ಕಥೆಯನ್ನು, ಹತ್ತೂಕಾಲನ್ನೂ ನೂರ ಒಂದನ್ನೂ ಸೇರಿಸಿ, ಹೇಳಿದೆ.

ಪ್ರಿನ್ಸಿಪಾಲರು ಜಾರುತ್ತಿದ್ದ ಶಾಲನ್ನು ಹೆಗಲಿಗೆ ಎಳೆದುಕೊಂಡರು. ಮತ್ತೆ ಹೇಳಿದರು, "ಅದು ಬೇರೆ ಅಮ್ಮ, ಇದು ಬೇರೆ. ಇದು ದಕ್ಷಿಣೆ. ಅದು ಅಂಕಿ ಅಂಶ."

"ಎಂತ ಬೇರೆ ಸರ್?" ಎಂದರು ರೈಗಳು. ಅವರಿಗೆ ನಗು ತಡೆಯಲಾಗುತ್ತಿರಲಿಲ್ಲ, ಹೊಟ್ಟೆ ಕುಲುಕುತ್ತಿತ್ತು. "ನೀವು ಕೋಟು ತೆಗೆದದ್ದಕ್ಕೆ ನಿಮಗೆ ಇಲ್ಲಿ ನೆನಪಾಯ್ತು. ಮಕ್ಕಳ ಹತ್ತಿರ ಕೋಟೇ ಇಲ್ಲ, ಅವರಿಗೆ ಎಲ್ಲ ಕಡೆ ನೆನಪುಂಟು."

ಭಟ್ಟರು ದಕ್ಷಿಣೆ ತೆಗೆದುಕೊಂಡರು. ಪ್ರಸಾದ ಹಂಚಿದರು. ಪ್ರಿನ್ಸಿಪಾಲರು ಕೋಟು ಹಾಕಿಕೊಂಡ ಮೇಲೆ "ವಿಷಯವನ್ನು ಸಮಿತಿಯ ಮುಂದೆ ಇಡುವ" ಎಂದರು. ಓದಿದವರ ಕ್ರಮ ಅದು. ಕಣ್ಣಿಗೆ ಕಂಡದ್ದನ್ನೂ ಸಮಿತಿಯ ಮುಂದೆ ಇಟ್ಟ ಮೇಲೆಯೇ ಕಂಡಿತೆಂದು ಒಪ್ಪುವುದು. ಸಮಿತಿ ಮತ್ತೆ ನಮ್ಮ ಜಗಲಿಯಲ್ಲೇ ಸೇರಿತು, ಮತ್ತೆ ಕಾಫಿಯಾಯಿತು. ಈ ಸಲ ಪ್ರಿನ್ಸಿಪಾಲರು ಬೇಡ ಎನ್ನಲಿಲ್ಲ. ಹತ್ತಕ್ಕಿಂತ ಹೆಚ್ಚು ಕೊಟ್ಟಲ್ಲಿ ಅದನ್ನು ಹತ್ತು ಎಂದು ಪರಿಗಣಿಸತಕ್ಕದ್ದು ಎಂದು ತೀರ್ಮಾನವಾಯಿತು. ಕಾಮತರು ಮಾತ್ರ ಸ್ವಲ್ಪ ಮಂಕಾಗಿದ್ದರು. ತನಗೆ ಒಬ್ಬನೂ ಯಾಕೆ ಹನ್ನೊಂದು ಕೊಡಲಿಲ್ಲ ಎಂದು ಅವರು ನನ್ನನ್ನು ಕೇಳಿದರು. ನಾನು ಇನ್ನೊಂದು ಲೋಟ ಕಾಫಿ ಕೊಟ್ಟೆ.

ಇವರು ಖಾಯಂ ಆದರು. ಪೋಸ್ಟ್ ಕಾರ್ಡಿನಲ್ಲಿ ಭಾವನಿಗೆ ಕ್ಷೇಮಸಮಾಚಾರ ಮಾತ್ರ ಬರೆದರು. ನಾನು ದೇವರಿಗೆ ಎಳ್ಳೆಣ್ಣೆಯ ಬದಲು ತುಪ್ಪದ ದೀಪ ಹಚ್ಚಿದೆ. ಮನೆಗೆ ಬಂದವರೆಲ್ಲ ಹನ್ನೊಂದರ ಕಥೆ ಕೇಳಿ ನಗುವವರು, ಇವರನ್ನು ಹೊಗಳುವವರು. ಹೊಗಳಿಸಿಕೊಳ್ಳುವಾಗ ಇವರ ಮುಖದಲ್ಲಿ ಮಾತ್ರ ಪೂರ್ತಿ ಸಂತೋಷವಿರಲಿಲ್ಲ. ನಡುವೆ ಕೈ ಕಿಸೆಗೆ ಹೋಗುತ್ತಿತ್ತು. ಅಲ್ಲಿ ಏನಿದೆ ಎಂದು ನನಗೆ ಗೊತ್ತು. ಅಂಗಿ ಒಗೆಯುವವಳು ನಾನೇ. ಹನ್ನೊಂದು ಕೊಟ್ಟವರು ಇವರ ಕೆಲಸ ಉಳಿಸಿದರು, ಆದರೆ ಪಾಠದ ಬಗ್ಗೆ ಒಂದು ಮಾತೂ ಹೇಳಲಿಲ್ಲ. ಅದನ್ನು ಹೇಳಿದವನು ಒಬ್ಬನೇ. ಕೇಳಿದ ಪ್ರಶ್ನೆಗೆ ಇಡೀ ಕಾಲೇಜಿನಲ್ಲಿ ಉತ್ತರ ಬರೆದವನು ಆ ಪೋಕರಿ ಮಾತ್ರ.

ಒಂದು ಭಾನುವಾರ ನಾನು ಜಗಲಿಯಲ್ಲಿ ಅಲಸಂಡೆ ಮುರಿಯುತ್ತಾ ಕುಳಿತಿದ್ದೆ. ಇವರು ಎಲ್ಲಿಂದಲೋ ಹಳೆಯ ಹಲಗೆಯೊಂದನ್ನು ತಂದು ಗೋಡೆಗೆ ಒರಗಿಸಿದರು. ಸೀಮೆಸುಣ್ಣ ತೆಗೆದುಕೊಂಡರು. ಮೂರು ಗೆರೆ ಎಳೆದು ಒಂದು ತ್ರಿಕೋಣ ಮಾಡಿದರು. ಹಲಗೆಗೆ ಏನೋ ಹೇಳಲು ಬಾಯಿ ತೆರೆದವರು ನಿಲ್ಲಿಸಿದರು. ಮೆಲ್ಲನೆ ಹಿಂದಕ್ಕೆ ತಿರುಗಿ, ಅಲ್ಲಿ ಬೇರೆ ಯಾರೂ ಇಲ್ಲದ್ದರಿಂದ, ನನ್ನ ಮುಖ ನೋಡಿ ಹೇಳಲು ತೊಡಗಿದರು. ಮದುವೆಯಾದ ಮೇಲೆ ಅಷ್ಟು ಹೊತ್ತು ನನ್ನ ಮುಖ ನೋಡಿ ಅವರು ಮಾತಾಡಿದ್ದು ಅದೇ ಮೊದಲು. ಮಾತು ತ್ರಿಕೋಣದ ಬಗ್ಗೆ ಇತ್ತು, ಪರವಾಗಿಲ್ಲ. ನಾನು ಅಲಸಂಡೆಯನ್ನು ಬದಿಗಿಟ್ಟೆ.

ಹೇಳಿ ಮುಗಿಸಿ ಹಣೆ ಒರೆಸಿಕೊಂಡರು. ಸುಣ್ಣದ ಪುಡಿ ಹಣೆಗೆ ಹತ್ತಿತು.

"ಕೇಳಿತಾ?"

"ಕೇಳಿತು."

"ಅರ್ಥ ಆಯ್ತಾ?"

ಆಯ್ತು ಎಂದು ಹೇಳಬಹುದಿತ್ತು. ಹೆಂಡಂದಿರು ಅಷ್ಟು ಸುಳ್ಳು ದಿನಾ ಹೇಳುತ್ತೇವೆ, ದೇವರು ಕ್ಷಮಿಸುತ್ತಾನೆ.

"ಇಲ್ಲ" ಎಂದೆ.

ಅವರಿಗೆ ಸಿಟ್ಟು ಬರಲಿಲ್ಲ. ತಿರುಗಿ ಒದ್ದೆ ಬಟ್ಟೆಯಿಂದ ಹಲಗೆಯನ್ನು ಪೂರ್ತಿ ಒರೆಸಿದರು. ಮತ್ತೆ ಈ ಕಡೆ ತಿರುಗಿ ನಿಂತು, ಮೊದಲಿನಿಂದ ಸುರು ಮಾಡಿದರು.